ಅತ್ತೆಯನ್ನು ಹೊರಗೆ ಕಳಿಸುವ ವಿದ್ಯೆ

ಹೆರುವ ವಯಸ್ಸಿನ ಹೆಂಗಸು ಹೊಟ್ಟೆನೋವೆಂದು ಬಂದರೆ, ಬೇರೆ ಕಾಯಿಲೆ ಎಂದು ಖಾತ್ರಿಯಾಗುವವರೆಗೆ ಅವಳನ್ನು ಬಸುರಿ ಎಂದೇ ತಿಳಿಯಬೇಕು ಎಂದು ನಮ್ಮ ವೈದ್ಯಕೀಯ ಪುಸ್ತಕಗಳಲ್ಲಿ ಬರೆದಿರುತ್ತದೆ. ಕಡೆಯ ಮುಟ್ಟು ಯಾವಾಗ ಆಯಿತೆಂದು ಕೇಳಿ ಎಂದೂ ಬರೆದಿರುತ್ತದೆ. ಯಾರನ್ನು ಕೇಳಬೇಕು ಎಂದು ಮಾತ್ರ ಬರೆದಿರುವುದಿಲ್ಲ. ಆ ಪುಸ್ತಕ ಬರೆದ ಮಹಾನುಭಾವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಯಾವುದಾದರೂ ಕ್ಯಾಷುವಾಲ್ಟಿಯಲ್ಲಿ ಅರ್ಧ ದಿನ ಕೂತಿದ್ದರೆ ಆ ತಪ್ಪು ಮಾಡುತ್ತಿರಲಿಲ್ಲ. ಇಲ್ಲಿ ಸೊಸೆಗೆ ಪ್ರಶ್ನೆ ಹಾಕಿದರೆ ಉತ್ತರ ಅತ್ತೆಯ ಬಾಯಿಂದ ಬರುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲೇ ಸುತ್ತಾಡಿಕೊಂಡು ನಾನು ಡಾಕ್ಟರ್ ಕೆಲಸ ಮಾಡಿದ್ದು, ನಿವೃತ್ತಿಯಾದದ್ದೂ ಇಲ್ಲೇ. ನನ್ನ ಬಡ್ತಿ, ವರ್ಗಾವಣೆಗಳ ಕಥೆ ಯಾರಿಗೂ ಬೇಕಿಲ್ಲ, ನನಗೂ ಬೇಸರ. ಹೊಸದಾಗಿ ಕ್ಯಾಷುವಾಲ್ಟಿಗೆ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾಗುವಂಥದ್ದು ನನ್ನ ಹತ್ತಿರ ಇರುವುದು ಒಂದೇ, ಸುಳ್ಳು ಹೇಳುವ ವಿದ್ಯೆ. ಅದನ್ನು ನಾನು ಬಹಳ ಶ್ರದ್ಧೆಯಿಂದ ಕಲಿತೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಗರ್ಭಕೋಶದೊಳಗೆ ಹೋಗಿ ಕೂರಬೇಕಾದ ಪಿಂಡ ಕೆಲವೊಮ್ಮೆ ದಾರಿಯಲ್ಲೇ, ಪಕ್ಕದ ನಾಳದಲ್ಲೇ ಕೂತುಬಿಡುತ್ತದೆ. ಅಲ್ಲಿ ಬೆಳೆಯಲು ಜಾಗವಿಲ್ಲ. ಬೆಳೆದರೆ ನಾಳ ಒಡೆಯುತ್ತದೆ, ರಕ್ತವೆಲ್ಲ ಹೊಟ್ಟೆಯೊಳಗೇ ಸುರಿಯುತ್ತದೆ. ಹೊರಗೆ ಕಾಣುವುದು ಬಟ್ಟೆಗೆ ಅಂಟುವಷ್ಟು ಮಾತ್ರ. ಹುಡುಗಿ ನಡೆದುಕೊಂಡೇ ಬರುತ್ತಾಳೆ, ಮಾತಾಡುತ್ತಾಳೆ, ಗಟ್ಟಿಮುಟ್ಟಾದ ದೇಹವಾದ್ದರಿಂದ ಬಿ.ಪಿ.ಯನ್ನೂ ಹಿಡಿದಿಟ್ಟುಕೊಂಡಿರುತ್ತಾಳೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಕೈಬಿಟ್ಟುಹೋಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಎಕ್ಟೋಪಿಕ್ ಎಂದು ಹೆಸರು. ನಮ್ಮೂರುಗಳಲ್ಲಿ ಆಸ್ಪತ್ರೆಗೆ ಬರುವವರೆಗೂ ಇದರ ಹೆಸರು ಗ್ಯಾಸ್ಟ್ರಿಕ್. ಜೀರಿಗೆ ಕಷಾಯ ಆಗಿರುತ್ತದೆ, ಸೋಡಾ ಆಗಿರುತ್ತದೆ, ದೃಷ್ಟಿ ತೆಗೆದದ್ದೂ ಆಗಿರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮಗೊಬ್ಬರು ದೊಡ್ಡ ಡಾಕ್ಟರಿದ್ದರು. ಕೈಗುಣ ಬಹಳ ಒಳ್ಳೆಯದು, ನಾಚಿಕೆ ಅದಕ್ಕಿಂತ ಹೆಚ್ಚು. ಹೆಂಗಸರನ್ನು ಮುಟ್ಟಿನ ವಿಷಯ ಕೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಸಿಸ್ಟರ್ ಕಡೆ ತಿರುಗಿ ‘ಅದೊಂದು ಕೇಳಿಬಿಡಮ್ಮ’ ಎನ್ನುತ್ತಿದ್ದರು. ಸಿಸ್ಟರ್ ಆಯಾಗೆ ಹೇಳುತ್ತಿದ್ದಳು, ಆಯಾ ಹೊರಗೆ ಬೆಂಚಿನ ಮೇಲೆ ಕೂತ ಅತ್ತೆಯನ್ನು ಕೇಳುತ್ತಿದ್ದಳು, ಅತ್ತೆ ‘ಸರ್ಯಾಗ್ ಆಯ್ತಾಳೆ’ ಎನ್ನುತ್ತಿದ್ದಳು. ಆ ಉತ್ತರ ಪ್ರಶ್ನೆ ಬಂದ ದಾರಿಯಲ್ಲೇ ವಾಪಸ್ಸು ಹೋಗಿ ದೊಡ್ಡ ಡಾಕ್ಟರ ಕೈಬರಹದಲ್ಲಿ ‘ರೆಗ್ಯುಲರ್’ ಎಂದಾಗುತ್ತಿತ್ತು. ಮಧ್ಯದಲ್ಲಿ ಮಲಗಿದ್ದ ರೋಗಿಗೆ ತನ್ನ ಬಗ್ಗೆ ಇಷ್ಟು ದೊಡ್ಡ ವಿಚಾರಣೆ ನಡೆದದ್ದೇ ತಿಳಿಯುತ್ತಿರಲಿಲ್ಲ.

ಆಗ ಈಗಿನಂತೆ ಕಿಟ್ ಇರಲಿಲ್ಲ, ಸ್ಕ್ಯಾನ್ ಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಅನುಮಾನ ಬಂದರೆ ಯೋನಿಯ ಒಳಗಿನಿಂದ ಹೊಟ್ಟೆಗೆ ಉದ್ದನೆಯ ಸೂಜಿ ಹಾಕಿ ಎಳೆದು ನೋಡುವುದು. ಸಿರಿಂಜಿಗೆ ಬಂದ ರಕ್ತ ಹೆಪ್ಪುಗಟ್ಟದಿದ್ದರೆ ಅದು ಹೊಟ್ಟೆಯೊಳಗೆ ಸೋರಿ ನಿಂತಿದ್ದ ರಕ್ತ ಎಂದರ್ಥ, ಆಪರೇಷನ್ನಿಗೆ ಓಡು. ನಾಚಿಕೆಯ ದೊಡ್ಡ ಡಾಕ್ಟರು ಸೂಜಿ ಹಿಡಿದಾಗ ಮಾತ್ರ ಹುಲಿ. ಇಷ್ಟು ದೊಡ್ಡ ಸೂಜಿ ಹಾಕಬಲ್ಲವರು ಒಂದು ಸಣ್ಣ ಪ್ರಶ್ನೆ ಕೇಳಲಾರರಲ್ಲ ಎಂದು ನನಗೆ ಒಳಗೊಳಗೇ ನಗು.

ಕಿಟ್ ಬಂದ ಮೇಲೆ ಎಲ್ಲ ಸುಲಭವಾಯಿತು ಎಂದುಕೊಳ್ಳಬೇಡಿ. ಎರಡು ಹನಿ ಮೂತ್ರ ಹಾಕಿದರೆ ಗೆರೆ ಬೀಳುತ್ತದೆ, ನಿಜ. ಆದರೆ ಪರೀಕ್ಷೆ ಮಾಡಿಸೋಣ ಎಂದ ಕೂಡಲೇ ಜಗಳ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನೊಬ್ಬ ಹೆಂಡತಿಯನ್ನು ಕರೆತಂದಿದ್ದ. ಅವಳಿಗೆ ಮಕ್ಕಳಾಗದ ಆಪರೇಷನ್ ಆಗಿ ಎಷ್ಟೋ ವರ್ಷವಾಗಿತ್ತು. ಬಸುರಿನ ಪರೀಕ್ಷೆ ಎಂದಾಗ ಆತ ನನ್ನ ಓದಿನ ಬಗ್ಗೆಯೇ ಅನುಮಾನಪಟ್ಟ. ಅಂಥ ಆಪರೇಷನ್ ಆದವರಲ್ಲಿ ಅಪರೂಪಕ್ಕೆ ಬಸುರು ನಿಂತರೆ ಅದು ನಾಳದಲ್ಲೇ ನಿಲ್ಲುವ ಸಂಭವ ಹೆಚ್ಚು ಎಂದು ನಾನು ವಿವರಿಸಿದಷ್ಟೂ ಅವನ ದನಿ ಏರಿತು. ಕೊನೆಗೆ ಆಗಲಿ, ಮೂತ್ರದಲ್ಲಿ ಶುಗರ್ ಆದರೂ ನೋಡೋಣ ಎಂದೆ. ತಕ್ಷಣ ತಣ್ಣಗಾದ. ಶುಗರ್ ನೋಡುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಯಾರೂ ಬೇಡ ಎಂದದ್ದಿಲ್ಲ. ಅವನ ಹೆಂಡತಿಗೆ ಮಾತ್ರ ಬಚ್ಚಲಿನ ಬಾಗಿಲಲ್ಲಿ ನಿಜ ಹೇಳಿ ಒಪ್ಪಿಗೆ ತೆಗೆದುಕೊಂಡೆ. ಗೆರೆ ಎರಡು ಬಿದ್ದವು, ಆಪರೇಷನ್ ಆಯಿತು, ಬದುಕಿದಳು.

ಅಲ್ಲಿಂದ ನನ್ನ ನಿಯಮ ಒಂದು: ರೋಗಿಗೆ ಸುಳ್ಳು ಹೇಳುವಂತಿಲ್ಲ, ಜೊತೆಗೆ ಬಂದವರಿಗೆ ಧಾರಾಳವಾಗಿ ಹೇಳಬಹುದು. ಅತ್ತೆಯಂದಿರಿಗಾಗಿ ಬೇರೆಯದೇ ಉಪಾಯ ಮಾಡಿಕೊಂಡಿದ್ದೆ. ಅತ್ತೆಯ ಮುಖವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ‘ಅಮ್ಮಾ, ಯಾಕೋ ನಿಮ್ಮ ಕಣ್ಣಿನ ಕೆಳಗೆ ಊದಿಕೊಂಡ ಹಾಗಿದೆ, ಬಿ.ಪಿ. ನೋಡಿಸಿಕೊಳ್ಳಿ’ ಎನ್ನುವುದು. ನಮ್ಮ ಸಿಸ್ಟರ್ ಸರೋಜ ಅವರನ್ನು ಪಕ್ಕದ ಕೋಣೆಗೆ ಕರೆದೊಯ್ದು ಎರಡೂ ಕೈಗೆ ಪಟ್ಟಿ ಕಟ್ಟಿ, ಮಲಗಿಸಿ ಒಂದು ಸಲ, ಕೂರಿಸಿ ಒಂದು ಸಲ, ನಿಧಾನವಾಗಿ ನೋಡುತ್ತಿದ್ದಳು. ಅಷ್ಟರಲ್ಲಿ ನಾನು ಸೊಸೆಯ ಹತ್ತಿರ ಕೇಳುವುದನ್ನು ಕೇಳಿ ಮುಗಿಸುತ್ತಿದ್ದೆ. ಈ ಉಪಾಯದಿಂದ ಎಷ್ಟೋ ಅತ್ತೆಯರ ನಿಜವಾದ ಬಿ.ಪಿ.ಯೂ ಸಿಕ್ಕಿಬಿದ್ದಿತು, ಅದು ಮೇಲು ಸಂಪಾದನೆ. ಗಂಡಂದಿರನ್ನು ಕಳಿಸಲು ಇಷ್ಟು ಕಷ್ಟವಿಲ್ಲ, ಮೆಡಿಕಲ್ ಸ್ಟೋರಿಗೆ ಒಂದು ಚೀಟಿ ಕೊಟ್ಟರೆ ಸಾಕು.

ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದಾಗ ಪುಟ್ಟತಾಯಮ್ಮ ಬಂದಳು.

ನಾನು ನಿವೃತ್ತಿಯಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಬೈರಾಪಟ್ಟಣದ ಆಚೆಯ ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ. ಮಧ್ಯಾಹ್ನ ಊಟ ಮುಗಿಸಿ ಬರುವ ಹೊತ್ತಿಗೆ ಅವಳ ಸೊಸೆ ಭಾಗ್ಯ ಕ್ಯಾಷುವಾಲ್ಟಿಯ ಮಂಚದ ಮೇಲೆ ಕೂತಿದ್ದಳು, ಮಗ ಶಿವಲಿಂಗ ಪಕ್ಕದಲ್ಲಿ ನಿಂತಿದ್ದ, ಪುಟ್ಟತಾಯಮ್ಮ ಸ್ಟೂಲಿನ ಮೇಲೆ ಆಸೀನಳಾಗಿದ್ದಳು. ಹೊಸದಾಗಿ ಬಂದಿದ್ದ ಡಾಕ್ಟರ್ ಕಿರಣ ಆಗಲೇ ಎಲ್ಲ ಕೇಳಿ ಗ್ಯಾಸ್ಟ್ರಿಕ್ಕಿನ ಇಂಜೆಕ್ಷನ್ ಕೊಟ್ಟಿದ್ದ. ಹುಡುಗಿ ಬೆಳಿಗ್ಗೆ ಸೊಪ್ಪಿನ ಹೊರೆ ಇಳಿಸಿ ತಲೆ ಸುತ್ತಿ ಬಿದ್ದಿದ್ದಳಂತೆ. ಹೊಟ್ಟೆನೋವು, ಜೊತೆಗೆ ಬಲ ಭುಜದ ತುದಿಯಲ್ಲಿ ನೋವು. ಹೊಟ್ಟೆ ಖಾಲಿ ಬಿಟ್ಟದ್ದರಿಂದ ಒಂದು, ಹೊರೆ ಹೊತ್ತದ್ದರಿಂದ ಇನ್ನೊಂದು ಎಂದು ಮನೆಯವರೂ ಕಿರಣನೂ ಒಮ್ಮತಕ್ಕೆ ಬಂದಿದ್ದರು.

ಮುಟ್ಟಿನ ವಿಷಯ ಕೇಳಿದೆಯಾ ಎಂದೆ. ಕೇಳಿದೆ ಮೇಡಂ, ಹೋದ ವಾರವೇ ಆಗಿದೆ, ಸಾಕ್ಷಿ ಸಮೇತ ಇದೆ ಎಂದು ಹೆಮ್ಮೆಯಿಂದ ಹೇಳಿದ. ಸಾಕ್ಷಿ ಪುಟ್ಟತಾಯಮ್ಮ. ಅವಳು ಸೆರಗು ಸರಿಮಾಡಿಕೊಂಡು ನನಗೂ ಒಪ್ಪಿಸಿದಳು.

‘ಹೋದ್ ವಾರ ತಾನೆ ಹೊರಗಾಗಿದ್ಲು ಡಾಕ್ಟ್ರಮ್ಮ. ಹುಳ ನಾಕ್ನೇ ಜ್ವರ ಎದ್ದು ಬಕಬಕ ತಿಂತಾ ಅವೆ, ಸೊಪ್ಪಾಕಕ್ಕೆ ಕೈ ಸಾಲ್ದು. ಅಂಥಾ ಟೈಮ್ನಾಗೆ ಇವ್ಳು ಜಗಲಿ ಮೇಲೆ ಕುಂತ್ಲು. ಊರೆಲ್ಲ ನೋಡೈತೆ.’

ಇಲ್ಲಿನ ಹುಳುಮನೆಗಳ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ರೈತರು ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ, ಮನೆಮಂದಿಗೆ ನಿದ್ದೆಯಿಲ್ಲ. ಆದರೆ ಮುಟ್ಟಾದ ಹೆಂಗಸು ಹುಳುಮನೆಗೆ ಕಾಲಿಡಬಾರದು, ಇಟ್ಟರೆ ಹುಳ ಕೆಡುತ್ತದೆ ಎಂಬ ನಂಬಿಕೆ ಇನ್ನೂ ಎಷ್ಟೋ ಮನೆಗಳಲ್ಲಿದೆ. ಹಾಗಾಗಿ ಸೊಸೆ ಯಾವತ್ತು ಹೊರಗಾದಳು ಎಂಬುದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಇಂಥ ಖಚಿತ ಮಾಹಿತಿ ಸಿಕ್ಕರೆ ಯಾವ ಡಾಕ್ಟರಾದರೂ ನಂಬುತ್ತಾನೆ, ಕಿರಣ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ನನಗೆ ಸಮಾಧಾನವಾಗಲಿಲ್ಲ. ಹುಡುಗಿಯನ್ನು ಮಲಗು ಎಂದರೆ ಮಲಗಳು. ಮೆಲ್ಲಗೆ ಒರಗಿಸಿದರೆ ಭುಜ ಹಿಡಿದುಕೊಂಡು ಎದ್ದು ಕೂರುತ್ತಾಳೆ. ಹೊರೆ ಹೊತ್ತ ನೋವಾದರೆ ಮಲಗಿದಾಗ ಕಡಿಮೆಯಾಗಬೇಕು. ಮಲಗಿದಾಗ ಹೆಚ್ಚಾಗುತ್ತದೆಂದರೆ ಹೊಟ್ಟೆಯೊಳಗಿನ ರಕ್ತ ಮೇಲಕ್ಕೆ ಹರಿದು ಉಸಿರಿನ ಸ್ನಾಯುವನ್ನು ಕೆರಳಿಸುತ್ತಿರಬಹುದು, ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಬಿಳಿಚಿತ್ತು, ನಾಡಿ ಓಡುತ್ತಿತ್ತು. ಸರೋಜಳಿಗೆ ಎರಡೂ ಕೈಗೆ ಡ್ರಿಪ್ ಹಾಕಲು ಹೇಳಿದೆ. ಇದೆಲ್ಲಕ್ಕಿಂತ ಹೆಚ್ಚಾಗಿ, ನಾನು ಏನು ಕೇಳಿದರೂ ಹುಡುಗಿ ಮೊದಲು ಅತ್ತೆಯ ಮುಖ ನೋಡುತ್ತಿದ್ದಳು.

ಶಿವಲಿಂಗನಿಗೆ ಚೀಟಿ ಕೊಟ್ಟು ಮೆಡಿಕಲ್ ಸ್ಟೋರಿಗೆ ಕಳಿಸಿದೆ, ಹೋದ. ಪುಟ್ಟತಾಯಮ್ಮನ ಮುಖ ದಿಟ್ಟಿಸಿ ಕಣ್ಣಿನ ಕೆಳಗಿನ ಊತದ ವಿಷಯ ತೆಗೆದೆ. ಆಶಾ ಕಾರ್ಯಕರ್ತೆ ಬೆಳಿಗ್ಗೆಯೇ ಬಿ.ಪಿ. ನೋಡಿದ್ದಾಳೆ, ಸರಿಯಾಗಿದೆ ಎಂದಳು. ಶುಗರ್ ಎಂದೆ. ಅದನ್ನೂ ನೋಡಿದ್ದಾಳೆ ಎಂದಳು. ಸರ್ಕಾರದ ಯೋಜನೆಗಳು ಹೀಗೆ ಮನೆಬಾಗಿಲಿಗೆ ಹೋಗಿ ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತವೆಂದು ನಾನು ಎಣಿಸಿರಲಿಲ್ಲ. ಕಾಫಿ ಕುಡಿದು ಬನ್ನಿ ಎಂದರೆ ಕಾಫಿ ಆಗುವುದಿಲ್ಲವಂತೆ. ಆಕೆ ಸ್ಟೂಲು ಬಿಡಲಿಲ್ಲ. ಭಾಗ್ಯಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ನನಗೆ ನಿಜವಾಗಿ ಹೆದರಿಕೆ ಶುರುವಾಯಿತು. ಹೊರಗೆ ನಡೆಯಿರಿ ಎಂದು ಗದರಬಹುದಿತ್ತು. ಗದರಿದರೆ ಸೊಸೆ ಮೇಲೆ ಅನುಮಾನ ಬರುತ್ತದೆ, ಆಮೇಲೆ ಅವಳು ಬಾಯಿಯೇ ಬಿಡುವುದಿಲ್ಲ.

ಕೊನೆಗೆ ತೋಚಿದ್ದನ್ನು ಕೇಳಿದೆ. ‘ಅಲ್ಲಮ್ಮಾ, ನೀವೆಲ್ಲ ಇಲ್ಲಿ ಬಂದು ಕೂತರೆ ಅಲ್ಲಿ ಹುಳಕ್ಕೆ ಸೊಪ್ಪು ಹಾಕುವವರು ಯಾರು?’

ಪುಟ್ಟತಾಯಮ್ಮ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೊಂಟದಿಂದ ಫೋನು ತೆಗೆದು, ಒಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಗೊಣಗುತ್ತಾ ಎದ್ದು ಹೊರಗೆ ಹೋದಳು. ಪೋರ್ಟಿಕೋದಲ್ಲಿ ನಿಂತು ಯಾರಿಗೋ ಜೋರಾಗಿ ಆಜ್ಞೆ ಮಾಡತೊಡಗಿದಳು. ಸೊಪ್ಪು ಒದ್ದೆ ಇದ್ದರೆ ಹಾಕಬೇಡ, ಮೇಲಿನ ತಟ್ಟೆಗೆ ಮೊದಲು ಹಾಕು, ಇರುವೆ ನೋಡಿಕೋ. ಆಸ್ಪತ್ರೆಗೆಲ್ಲ ಕೇಳುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಭಾಗ್ಯಳ ಕೈ ಹಿಡಿದು, ನನಗೆ ನಿಜ ಬೇಕು, ಯಾರಿಗೂ ಹೇಳುವುದಿಲ್ಲ ಎಂದೆ. ಅವಳು ಬಾಗಿಲ ಕಡೆ ನೋಡಿ, ಪೋರ್ಟಿಕೋದ ದನಿ ಇನ್ನೂ ನಡೆಯುತ್ತಿದೆಯೆಂದು ಖಾತ್ರಿ ಮಾಡಿಕೊಂಡಳು.

‘ಹೋದ್ ವಾರ ಆಗಿರ್ಲಿಲ್ಲ ಮೇಡಂ. ಸುಳ್ಳೇಳ್ಬುಟ್ಟೆ. ವಾಂತಿ ಬತ್ತಿತ್ತು, ಮೈಯಾಗೆ ಶಕ್ತಿ ಇರ್ಲಿಲ್ಲ. ಹೊರಗಾದೆ ಅಂದ್ರೆ ಮೂರ್ ದಿನ ಒಸಿ ಮಲೀಕಬೋದು ಅಂತ.’

ನಿಜವಾದ ಮುಟ್ಟು ನಿಂತು ಎರಡು ತಿಂಗಳ ಹತ್ತಿರ ಬಂದಿತ್ತು. ನಾನು ಬೆಚ್ಚಿದ್ದು ಅದಕ್ಕಲ್ಲ, ಆಮೇಲಿನ ಮಾತಿಗೆ. ಸುಳ್ಳು ಮುಟ್ಟು ಮುಗಿಸಿ, ತಲೆಗೆ ನೀರು ಹಾಕಿಕೊಂಡು ಹುಳುಮನೆಗೆ ಮರಳಿದ ಮೇಲೆ, ನೆನ್ನೆಯಿಂದ ನಿಜವಾಗಿಯೂ ಬಟ್ಟೆಗೆ ರಕ್ತ ಕಾಣಿಸಿಕೊಂಡಿದೆ. ಹೋದ ವಾರ ತಾನೆ ಹೊರಗಿದ್ದವಳು ಈ ವಾರ ಮತ್ತೆ ಹೊರಗಾದೆ ಎಂದು ಹೇಳುವುದು ಹೇಗೆ? ಹಾಗಾಗಿ ಬಾಯಿ ಮುಚ್ಚಿಕೊಂಡು ಆ ಮೈಯಲ್ಲೇ ಹುಳಕ್ಕೆ ಸೊಪ್ಪು ಹಾಕಿದ್ದಾಳೆ. ಈಗ ಅವಳ ಭಯವೆಲ್ಲ ಹುಳದ ಮೇಲೆ.

‘ಹುಳ ಕೆಟ್ರೆ ನನ್ನಿಂದ್ಲೇ ಕೆಟ್ಟಂಗಾಯ್ತದೆ ಮೇಡಂ. ಅತ್ತೆಗೆ ಮಾತ್ರ ಏಳ್ಬೇಡಿ.’

ಹೊಟ್ಟೆಯೊಳಗೆ ರಕ್ತ ತುಂಬಿಕೊಳ್ಳುತ್ತಿದ್ದರೂ ಹುಡುಗಿ ಹುಳದ ಆರೋಗ್ಯ ವಿಚಾರಿಸುತ್ತಿದ್ದಾಳೆ. ಪರೀಕ್ಷೆ ಯಾತಕ್ಕೆಂದು ಅವಳಿಗೆ ಹೇಳಿ ಒಪ್ಪಿಸಿದೆ, ಸರೋಜ ಬೆಡ್‌ಪ್ಯಾನ್ ಕೊಟ್ಟು ಮೂತ್ರ ತೆಗೆದುಕೊಂಡಳು, ಕಿಟ್ ಮೇಲೆ ಗೆರೆ ಎರಡಾದವು. ಕಿರಣನ ಮುಖ ಹುಡುಗಿಯ ಮುಖಕ್ಕಿಂತ ಬಿಳುಪಾಯಿತು. ಸ್ಕ್ಯಾನ್ ಇಟ್ಟರೆ ಗರ್ಭಕೋಶ ಖಾಲಿ, ಹೊಟ್ಟೆಯೊಳಗೆ ರಕ್ತ. ನಮ್ಮ ಸ್ತ್ರೀರೋಗ ತಜ್ಞೆ ಇನ್ನೊಂದು ಹೆರಿಗೆ ಮುಗಿಸಿ ಓಡಿಬಂದಳು. ಅಷ್ಟರಲ್ಲೇ ಬಿ.ಪಿ. ಕುಸಿಯಿತು.

ಮಾತ್ರೆ ತಂದ ಶಿವಲಿಂಗನೂ ಫೋನು ಮುಗಿಸಿದ ಪುಟ್ಟತಾಯಮ್ಮನೂ ಒಟ್ಟಿಗೇ ಒಳಗೆ ಬಂದರು. ನಾಳದ ಬಸಿರು, ಒಡೆದಿದೆ, ಈಗಲೇ ಆಪರೇಷನ್ ಆಗಬೇಕು, ರಕ್ತ ಬೇಕು ಎಂದೆ. ಶಿವಲಿಂಗ ಮಾತ್ರೆಯ ಪೊಟ್ಟಣವನ್ನು ಮಂಚದ ಮೇಲಿಟ್ಟ. ‘ಹೋದ್ ವಾರ ಹೊರಗಿದ್ಲಲ್ಲ, ಅದೆಂಗ್ ಬಸ್ರಿ’ ಎಂದ. ಅವನ ದನಿಯಲ್ಲಿದ್ದ ಅನುಮಾನ ನನಗಿಷ್ಟವಾಗಲಿಲ್ಲ. ಭಾಗ್ಯ ಕಣ್ಣು ಮುಚ್ಚಿಕೊಂಡಳು. ಪ್ರಾಣ ಉಳಿದರೂ ಅವಳಿಗೆ ಆ ಮನೆಯಲ್ಲಿ ಬಾಳುವೆ ಉಳಿಯಬೇಕಲ್ಲ.

ನಾನು ಸುಳ್ಳಿಗೆ ಬಾಯಿ ತೆರೆದವಳು, ಪುಣ್ಯಕ್ಕೆ ನಿಜವೇ ಉಪಯೋಗಕ್ಕೆ ಬಂತು. ಈ ಕಾಯಿಲೆಯಲ್ಲಿ ಬಸುರಿದ್ದರೂ ಸ್ವಲ್ಪ ರಕ್ತ ಹೋಗುತ್ತದೆ, ಅದನ್ನು ಮುಟ್ಟೆಂದು ತಿಳಿದು ದೊಡ್ಡ ದೊಡ್ಡ ಡಾಕ್ಟರುಗಳೇ ಮೋಸ ಹೋಗಿದ್ದಾರೆ ಎಂದೆ. ನಾನು ಮುಗಿಸುವ ಮೊದಲೇ ಪುಟ್ಟತಾಯಮ್ಮ ಮಗನ ಮೇಲೆ ಬಿದ್ದಳು.

‘ಕೇಳಿಸ್ಕಂಡ್ಯೇನ್ಲಾ? ಅದು ಮುಟ್ಟೇ ಅಲ್ವಂತೆ. ಸುಮ್ಕೆ ಜಗಲಿ ಮೇಲೆ ಕೂರಿಸ್ಬುಟ್ಟೊ. ಓಗಿ ರಕ್ತ ಕೊಡೋಗು, ನಿಂತ್ಕಬೇಡ.’

ಅವನು ಓಡಿದ. ಆಪರೇಷನ್ ಆಯಿತು. ಒಂದು ನಾಳ ತೆಗೆಯಬೇಕಾಯಿತು, ಇನ್ನೊಂದು ಚೆನ್ನಾಗಿತ್ತು. ಹೊಟ್ಟೆಯೊಳಗಿಂದ ಹೊರತೆಗೆದ ರಕ್ತ ನೋಡಿ ಕಿರಣ ಗೋಡೆಗೆ ಒರಗಿಕೊಂಡ. ಅವನಿಗೆ ನಾನು ಬೈಯಲಿಲ್ಲ. ಇನ್ನು ಮೇಲೆ ಮುಟ್ಟಿನ ಮಾತು ಎಷ್ಟೇ ಖಚಿತವಾಗಿದ್ದರೂ ಕಿಟ್ ಹಾಕದೆ ನಂಬಬೇಡ ಎಂದೆ. ಈಗಲೂ ಅವನು ಹೊಟ್ಟೆನೋವೆಂದು ಬಂದ ಪ್ರಾಯದ ಹೆಂಗಸನ್ನು ಕಿಟ್ ಹಾಕದೆ ಬಿಡುವುದಿಲ್ಲವಂತೆ. ಒಮ್ಮೆ ಒಬ್ಬ ಸನ್ಯಾಸಿನಿಗೂ ಹಾಕಿ ಬೈಸಿಕೊಂಡನಂತೆ.

ಹೊಲಿಗೆ ಬಿಚ್ಚಿಸಲು ಅತ್ತೆ ಸೊಸೆ ಇಬ್ಬರೇ ಬಂದರು. ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಒಳ್ಳೆಯ ರೇಟು ಸಿಕ್ಕಿತ್ತು. ಮನೆ ಶುದ್ಧವಾಗಿಟ್ಟುಕೊಂಡರೆ ಹುಳ ಕೈಬಿಡುವುದಿಲ್ಲ ಎಂದು ಪುಟ್ಟತಾಯಮ್ಮ ನನಗೆ ಪಾಠ ಹೇಳಿದಳು. ಅವಳ ಹಿಂದೆ ನಿಂತಿದ್ದ ಭಾಗ್ಯ ಸೀಲಿಂಗ್ ಫ್ಯಾನು ನೋಡುತ್ತಿದ್ದಳು. ನಾನು ಕೆಮ್ಮಿ ನಗು ನುಂಗಿಕೊಂಡೆ. ಆಮೇಲೆ ಪುಟ್ಟತಾಯಮ್ಮ ಸೊಸೆಗೆ, ಕೌಂಟರಿನಲ್ಲಿ ಮಾತ್ರೆ ಕೊಡುತ್ತಾರೆ, ಸಾಲು ಉದ್ದವಾಗುವ ಮೊದಲು ಹೋಗಿ ತಗೋ ಎಂದಳು. ಭಾಗ್ಯ ಹೋದಳು. ಕೌಂಟರಿನಲ್ಲಿ ಸಾಲೇ ಇರಲಿಲ್ಲ.

ಪುಟ್ಟತಾಯಮ್ಮ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

‘ಅವ್ಳು ಹೊರಗಾಗಿರ್ಲಿಲ್ಲ ಅಂತ ನಂಗೊತ್ತಿತ್ತು ಡಾಕ್ಟ್ರಮ್ಮ. ನಾನೂ ಸೊಸೆ ಆಗಿದ್ದಾಗ ಹುಳ ಜೋರಾಗಿ ತಿನ್ನೋ ಟೈಮ್ನಾಗೆ ಹಂಗೇ ಜಗಲಿ ಹಿಡೀತಿದ್ದೆ. ಮಲೀಕಳ್ಳಿ ಅಂತ ಸುಮ್ಕಿದ್ದೆ.’

ಮತ್ತೆ ನನಗೆ ಯಾಕೆ ಹಾಗೆ ಹೇಳಿದಿರಿ ಎಂದೆ. ಮಗ ಪಕ್ಕದಲ್ಲೇ ನಿಂತಿದ್ದನಲ್ಲ ಎಂದಳು. ಹೆಂಡತಿ ಸುಳ್ಳಿ ಎಂದು ಅವನ ಮುಂದೆ ಹೇಗೆ ಹೇಳುವುದು. ಒಮ್ಮೆ ಬಾಯಿಂದ ಬಂದ ಮೇಲೆ ಸೊಸೆಯ ಮುಂದೆ ತಿರುಗಿಸುವುದಾದರೂ ಹೇಗೆ. ಅಷ್ಟರಲ್ಲಿ ನಾನು ಹುಳದ ಮಾತು ತೆಗೆದೆನಲ್ಲ, ಆಗ ಅವಳಿಗೆ ನನ್ನ ಉದ್ದೇಶ ಹೊಳೆಯಿತಂತೆ. ತಾನಿಲ್ಲದಿದ್ದರೆ ಹುಡುಗಿಯೇ ಹೇಳಿಕೊಳ್ಳುತ್ತಾಳೆಂದು ಎದ್ದು ಹೊರಗೆ ಹೋದಳಂತೆ. ಮನೆಯಲ್ಲಿ ಸೊಪ್ಪು ಹಾಕಲು ಅವಳ ತಂಗಿ ಇದ್ದಳು, ಯಾವ ಆಜ್ಞೆಯೂ ಬೇಕಿರಲಿಲ್ಲ. ಆ ಫೋನಿನಲ್ಲಿ ಆಚೆ ಕಡೆ ಯಾರೂ ಇರಲಿಲ್ಲ.

ಇಷ್ಟು ವರ್ಷ ಅತ್ತೆಯರನ್ನು ಹೊರಗೆ ಕಳಿಸಿದ ಹೆಮ್ಮೆಯಲ್ಲಿದ್ದ ನನ್ನನ್ನು ಈ ಅತ್ತೆ ತಾನಾಗೇ ಎದ್ದು ಹೋಗಿ ಸೋಲಿಸಿದ್ದಳು. ಪುಟ್ಟತಾಯಮ್ಮ ಕೈ ಹಿಸುಕಿಕೊಳ್ಳುತ್ತಿದ್ದಳು. ಅವಳು ಸೊಸೆಯನ್ನು ಸುಳ್ಳು ಹೇಳಿ ಆಚೆ ಕಳಿಸಿದ್ದು ಇದನ್ನೆಲ್ಲ ಹೇಳುವುದಕ್ಕಲ್ಲ, ಒಂದು ಮಾತು ಕೇಳುವುದಕ್ಕೆ.

‘ನಾನು ಮೊದ್ಲೇ ಬಾಯ್ಬುಟ್ಟಿದ್ರೆ ಅಷ್ಟೊಂದ್ ರಕ್ತ ಓಗ್ತಿರ್ಲಿಲ್ವಾ ಡಾಕ್ಟ್ರಮ್ಮ?’

ಅವಳು ಸ್ಟೂಲಿನ ಮೇಲೆ ಕೂತಿದ್ದ ಆ ಹೊತ್ತಿನಲ್ಲಿ ಹುಡುಗಿಯ ಹೊಟ್ಟೆಯೊಳಗೆ ಎಷ್ಟು ಸುರಿಯಿತೆಂದು ನನಗೆ ಗೊತ್ತು. ಅದನ್ನು ಹೊರಗೆ ತೆಗೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

‘ಇಲ್ಲಮ್ಮ. ನೀವು ಇಲ್ಲಿಗೆ ಬರುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು. ನೀವು ಹೇಳಿದ್ದರೂ ಅಷ್ಟೇ, ಹೇಳದಿದ್ದರೂ ಅಷ್ಟೇ’ ಎಂದೆ.

ಪುಟ್ಟತಾಯಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಕಣ್ಣಂಚು ಸೆರಗಿನಿಂದ ಒರೆಸಿಕೊಂಡು ಎದ್ದಳು.

‘ನೀವೂ ಒಂದ್ ಮನೆ ಸೊಸೆ ಆಗಿದ್ದೋರೇ ಅಲ್ವಾ ಮೇಡಂ’ ಎಂದಳು. ಸೊಸೆಯನ್ನು ಕರೆದುಕೊಂಡು ಬಸ್ಸಿಗೆ ಹೋದಳು.